ನೇನಾಳ ಮನೆಯ ಹನ್ನೆರಡು ಬನಿಯನ್ನುಗಳು

ಮೊಮ್ಮಕ್ಕಳೇ, ನಾನು ವಿಮಾನ ಹತ್ತಿದ್ದೆ ಅನ್ನುವುದು ನಿಮಗೆ ಗೊತ್ತು. ನೀವು ಕೇಳಿದಾಗಲೆಲ್ಲ ವಿಮಾನದ ವಿಷಯವನ್ನೇ ಹೇಳಿ ಆಟಕ್ಕೆ ಕಳಿಸಿದ್ದೇನೆ. ಮೋಡ ಕೆಳಗಿತ್ತು, ಕಿವಿ ಮುಚ್ಚಿಕೊಂಡಿತು, ಉಪ್ಪನ್ನು ಕಾಗದದ ಪೊಟ್ಟಣದಲ್ಲಿ ಕೊಟ್ಟರು, ಅಷ್ಟೆ. ವಿಮಾನ ಇಳಿದ ಮೇಲೆ ಆದದ್ದನ್ನು ಹೇಳಿಲ್ಲ. ಬಾಯಲ್ಲಿ ಹೇಳುವುದು ನನಗೆ ಆಗದು. ನಾಲ್ಕು ಜನ ಕೂತ ಕಡೆ ಗಂಟಲು ಹಿಡಿದುಕೊಳ್ಳುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಮಿಡಿಗೇಶಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದಕ್ಕಾದರೂ ಆಗಲಿ.

ಮಿಡಿಗೇಶಿ ಬಸ್ಸು

ನಿಮ್ಮ ತಾತ ತೀರಿಕೊಂಡ ಮೇಲೆ ಮನೆಯ ಮಗ್ಗ ನಿಂತಿತು. ನಮ್ಮಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ಕಂಬಳಿ ನೇಯುತ್ತಾರೆ. ನೇಯುವವರೇ ಇಲ್ಲದೆ ನೂಲಿ ಏನು ಮಾಡುವುದು? ಮಧುಗಿರಿಯಲ್ಲಿ ಕನ್ಯಾಸ್ತ್ರೀಯರು ಒಂದು ಉಣ್ಣೆ ಕೇಂದ್ರ ನಡೆಸುತ್ತಿದ್ದರು. ದಿನಾ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಹುಡುಗಿಯರಿಗೆ ನೂಲುವುದನ್ನು ಹೇಳಿಕೊಡುತ್ತಿದ್ದೆ. ಅಲ್ಲಿದ್ದ ಸಿಸ್ಟರ್ ಫಿಲೋಮಿನಾ ಮಂಗಳೂರಿನ ಕಡೆಯವರು. ಒಂದು ದಿನ ಬಂದು ನನ್ನ ಚರಕದ ಮುಂದೆ ಕೂತರು.

"ಕರಿಯಮ್ಮನವರೇ, ಮನಿಲಾದಲ್ಲಿ ಕೈಕಸುಬಿನ ಹೆಂಗಸರದ್ದೊಂದು ಮೇಳ ಉಂಟು. ಮೂರು ವಾರ. ನೀವು ನನ್ನೊಟ್ಟಿಗೆ ಬರಬೇಕು."

"ನಾನಾ? ನಂಗೆ ಮಾತೇ ಬರಾಕಿಲ್ಲ ಸಿಸ್ಟರಮ್ಮ."

"ಮಾತಾಡ್ಲಿಕ್ಕೆ ಯಾರು ಕರೆದರು ನಿಮ್ಮನ್ನು? ಕರೆದದ್ದು ನೂಲ್ಲಿಕ್ಕೆ."

ಚರಕ ತಿರುಗಿಸುತ್ತಲೇ ಹೂಂ ಎಂದು ತಲೆಯಾಡಿಸಿದೆ.

ಹೊರಡುವ ದಿನ ಪಾವಗಡದಿಂದ ನನ್ನ ತಮ್ಮ ಹನುಮಂತ ಬಂದಿದ್ದ. ಐದು ಸೇರು ರಾಗಿಹಿಟ್ಟು ಕಟ್ಟಿಸಿಕೊಂಡು ಬಂದಿದ್ದ. "ಅಲ್ಲಿ ಏಮಿ ತಿಂತಾರೋ ಏಮೋ ಅಕ್ಕಯ್ಯಾ. ಇದು ಇಟ್ಕೋ. ಮೂರು ವಾರ ಸಾಯಲ್ಲ ನೀನು."

ಯಾರಾದರೂ ಊರಿಗೆ ಹೊರಟಾಗ ನಾನು ಎದುರಿಗೆ ಬರುವುದಿಲ್ಲ, ನೀವು ಗಮನಿಸಿರಬಹುದು. ಗಂಡ ಸತ್ತವಳು ಎದುರಾದರೆ ಹೋದ ಕೆಲಸ ಕೆಡುತ್ತದೆ ಅನ್ನುತ್ತಾರೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ನಾವೇ ಕಲಿತುಕೊಂಡು ಗೋಡೆಯ ಮರೆಗೆ ಸರಿಯುತ್ತೇವೆ. ಅವತ್ತು ಹೊರಟವಳು ನಾನೇ ಆದ್ದರಿಂದ ಎಲ್ಲಿ ಸರಿದು ನಿಲ್ಲಬೇಕೋ ತಿಳಿಯದೆ ಬಸ್ಸು ಬರುವವರೆಗೆ ಒದ್ದಾಡಿದೆ.

ಮನಿಲಾ, ಮೊದಲ ವಾರ

ಕಾನ್ವೆಂಟಿನಲ್ಲಿ ಜಾಗ ಸಾಲದೆ ಬಂದ ಹೆಂಗಸರನ್ನೆಲ್ಲ ಸಿಸ್ಟರಮ್ಮ ಇಗರ್ಜಿ ಅನ್ನುವ ಅಲ್ಲಿನ ಚರ್ಚಿನ ಹೆಂಗಸರು ಒಬ್ಬೊಬ್ಬರನ್ನೇ ಮನೆಗೆ ಕರೆದುಕೊಂಡು ಹೋದರು. ನಾನು ನೇನಾ ಎಂಬವಳ ಪಾಲಿಗೆ ಬಂದೆ. ನನ್ನ ವಯಸ್ಸಿನವಳು, ನನ್ನಂತೆಯೇ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಅವಳ ಭಾಷೆ ಮತ್ತು ಒಂದಿಷ್ಟು ಇಂಗ್ಲಿಷು, ನನಗೆ ಕನ್ನಡವೊಂದೇ. ಸಿಸ್ಟರಮ್ಮ ಕಾನ್ವೆಂಟಿನಲ್ಲೇ ಉಳಿದರು, ಭಾನುವಾರಕ್ಕೊಮ್ಮೆ ಬರುತ್ತೇನೆಂದರು. ಒಂದು ಭಾನುವಾರದಿಂದ ಇನ್ನೊಂದು ಭಾನುವಾರ ಎಷ್ಟು ದೂರವಿರುತ್ತದೆಂದು ನನಗೆ ಅಲ್ಲಿ ಗೊತ್ತಾಯಿತು.

ಬೆಳಿಗ್ಗೆ ಮೇಳದ ದೊಡ್ಡ ಹಾಲ್‌ಗೆ ಹೋಗಿ ಚರಕ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಜನ ಬಂದು ಕಂಬಳಿ ಮುಟ್ಟುತ್ತಿದ್ದರು, ಚುಚ್ಚಿತೆಂದು ಕೈ ಹಿಂದಕ್ಕೆ ತೆಗೆಯುತ್ತಿದ್ದರು. ಆ ಊರಿನ ಸೆಕೆಯಲ್ಲಿ ಕಂಬಳಿ ಯಾರಿಗೆ ಬೇಕು? ಸಂಜೆ ಮನೆಗೆ ಬಂದರೆ ಒಣಮೀನಿನ ವಾಸನೆ. ಮೂರು ಹೊತ್ತೂ ಅನ್ನ, ಖಾರವೇ ಇಲ್ಲ. ಮೂರನೇ ದಿನ ತಡೆಯಲಾರದೆ ಮುದ್ದೆ ತೊಳಸಿ ನೇನಾಳಿಗೂ ಒಂದಿಟ್ಟೆ. ಪಾಪ, ಅವಳು ಅದನ್ನು ಅಗಿದಳು. ಅಗಿದಳು, ಅಗಿದಳು, ಮುಗಿಯಲೇ ಇಲ್ಲ. ನುಂಗಬೇಕೆಂದು ನನ್ನ ಗಂಟಲು ಮುಟ್ಟಿ ತೋರಿಸಿದರೆ ನನಗೆ ಗಂಟಲುನೋವೆಂದು ತಿಳಿದು ಬಿಸಿನೀರು ಕಾಯಿಸಿಕೊಟ್ಟಳು.

ಆ ಊರಿನಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಒಂದು ಕಬ್ಬಿಣದ ಬಳೆ. ತೆಂಗಿನಮರಕ್ಕೆ, ಕರೆಂಟು ಕಂಬಕ್ಕೆ, ಇಗರ್ಜಿಯ ಹಿತ್ತಿಲ ಗೋಡೆಗೆ, ಎಲ್ಲೆಂದರಲ್ಲಿ ಆಳೆತ್ತರಕ್ಕಿಂತ ಮೇಲೆ ಹೊಡೆದಿದ್ದರು. ಗಂಡುಮಕ್ಕಳು ದೊಡ್ಡವರು ಚಿಕ್ಕವರೆನ್ನದೆ ಅದರೊಳಗೆ ಚೆಂಡು ಹಾಕುತ್ತಿದ್ದರು. ಬ್ಯಾಸ್ಕೆಟ್‌ಬಾಲ್. ನಮ್ಮಲ್ಲಿ ಕಬಡ್ಡಿ ಇದ್ದ ಹಾಗೆ ಅಂದುಕೊಳ್ಳಿ, ಆದರೆ ಹುಚ್ಚು ಅದರ ಹತ್ತರಷ್ಟು.

ನೇನಾಳ ಹಿತ್ತಿಲಲ್ಲಿ ಹಗ್ಗದ ಮೇಲೆ ಹನ್ನೆರಡು ಬನಿಯನ್ನುಗಳು ತೂಗುತ್ತಿದ್ದವು. ಒಂದೊಂದೂ ನನ್ನ ಮೊಣಕಾಲಿನವರೆಗೆ ಬರುವಂಥವು. ಎದೆಯ ಮೇಲೆ ಕೆಂಪು ಬಟ್ಟೆಯ ಅಕ್ಷರ, ಬೆನ್ನಿನ ಮೇಲೆ ಅಂಕಿ. ಅವುಗಳ ಒಡೆಯರು ವಾರಕ್ಕೆರಡು ಸಲ ಬರುತ್ತಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಒಳಗೆ ಬಂದು, ನೇನಾ ಮಾಡಿದ ಅನ್ನ ಉಂಡು, ಬನಿಯನ್ನು ತೆಗೆದುಕೊಂಡು ಆಟಕ್ಕೆ ಹೋಗುತ್ತಿದ್ದರು. ಹೋಗುವ ಮುಂಚೆ ಅವಳ ಕೈಹಿಡಿದು ಬಗ್ಗಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ನಾವು ಹಿರಿಯರ ಕಾಲಿಗೆ ಬೀಳುತ್ತೇವಲ್ಲ, ಅವರದು ಹಾಗೆ. ಮೊದಲ ದಿನ ನಾನು ಎಂದಿನಂತೆ ಅಡುಗೆಮನೆಯ ಮರೆಗೆ ಸರಿದೆ. ಅವರ ನಾಯಕ ರಾಮೋನ್ ಎಂಬವನು ಹುಡುಕಿಕೊಂಡು ಬಂದು ನನ್ನ ಕೈಯನ್ನೂ ಹಣೆಗಿಟ್ಟುಕೊಂಡ. ಉಳಿದವರೂ ಸಾಲಾಗಿ ಬಂದರು. ಬೇಡ ಅನ್ನುವುದಕ್ಕೆ ಅವರ ಭಾಷೆಯ ಒಂದು ಮಾತೂ ಬರುತ್ತಿರಲಿಲ್ಲ.

ಅವತ್ತು ಅವರು ಗೆದ್ದರು. ನಾನು ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಡಬ್ಬದಲ್ಲಿದ್ದ ಹೆಸರುಗಳು

ಭಾನುವಾರ ಸಿಸ್ಟರಮ್ಮ ಬಂದರು. ನೇನಾ ಮಂಚದ ಕೆಳಗಿನಿಂದ ತಗಡಿನ ಡಬ್ಬವೊಂದನ್ನು ಎಳೆದಳು. ಒಳಗೆ ಬಟ್ಟೆಯಲ್ಲಿ ಕತ್ತರಿಸಿದ ಅಕ್ಷರಗಳು, ದಾರ ಸುತ್ತಿದ ಕಟ್ಟುಗಳು. ಒಂದು ಕಟ್ಟು ಹಸಿರು, ಒಂದು ನೀಲಿ, ಒಂದು ಹಳದಿ.

"ಈ ಹಸಿರು ಮೊದಲಿನದ್ದಂತೆ," ಎಂದರು ಸಿಸ್ಟರಮ್ಮ. "ತೆಂಗಿನೆಣ್ಣೆಯ ಹೆಸರು."

"ತಂಡಕ್ಕೆ ಎಣ್ಣೆ ಹೆಸ್ರಾ?"

"ಇಲ್ಲಿ ತಂಡಕ್ಕೆ ಊರಿನ ಹೆಸರು ಇಲ್ಲವಂತೆ. ಸಾಕುವ ಕಂಪನಿ ಏನು ಮಾರುತ್ತದೋ ಅದರ ಹೆಸರು. ಇವರೆಲ್ಲ ಸಂಬಳಕ್ಕೆ ಆಡುವವರು."

"ಆಡಿದ್ಕೆ ಸಂಬ್ಳ ಕೊಡ್ತಾರಾ? ಮನೇಲಿ ಬೈಯಾಕಿಲ್ವಾ?"

ಸಿಸ್ಟರಮ್ಮ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನೇನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಂಡದ ಕಥೆಯನ್ನು ಒಂದೊಂದೇ ಕಟ್ಟು ಬಿಚ್ಚಿ ಹೇಳಿದಳು.

ಆ ದೇಶದಲ್ಲಿ ಸಂಬಳದ ಪಂದ್ಯಗಳು ಶುರುವಾದ ವರ್ಷವೇ ಎಣ್ಣೆ ಕಂಪನಿ ಈ ತಂಡ ಕಟ್ಟಿತು. ನೇನಾಳ ಗಂಡ ತಂಡದ ಬಸ್ಸು ಓಡಿಸುತ್ತಿದ್ದ. ಅಭ್ಯಾಸಕ್ಕೆ ಬೇರೆ ಜಾಗವಿಲ್ಲದೆ ಎಣ್ಣೆ ಗೋದಾಮಿನಲ್ಲೇ ಆಡುತ್ತಿದ್ದರು. ನೆಲವೆಲ್ಲ ಜಿಡ್ಡು. ಬಿದ್ದು ಬಿದ್ದು ಕೊನೆಗೆ ಪುಟ್ಟಪುಟ್ಟ ಹೆಜ್ಜೆಯಿಟ್ಟು ಓಡುವುದನ್ನು ಕಲಿತರು. ಮೊದಲ ವರ್ಷ ಬರೀ ಸೋಲು. ಆದರೆ ಒಣನೆಲದ ಮೇಲೆ ಅವರನ್ನು ಯಾರಿಗೂ ಬೀಳಿಸಲಾಗುತ್ತಿರಲಿಲ್ಲ. ಬೇರೆ ತಂಡದವರೆಲ್ಲ ಜಾರಿ ಬೀಳುವ ಜಾಗದಲ್ಲಿ ಇವರು ನಿಂತಿರುತ್ತಿದ್ದರು. ಆಟಗಾರರು ಬದಲಾದರೂ ಹೊಸಬರಿಗೆ ಹಳಬರು ಆ ಹೆಜ್ಜೆಯನ್ನೇ ಕಲಿಸಿದರು.

ಆಮೇಲೆ ಕಂಪನಿ ಸಾಬೂನು ಮಾಡತೊಡಗಿತು. ನೇನಾ ಹಸಿರು ಅಕ್ಷರ ಬಿಚ್ಚಿ ನೀಲಿ ಹೊಲಿದಳು. ಸಾಬೂನಿನ ಕಾಲದಲ್ಲಿ ಎರಡು ಸಲ ಪಂದ್ಯದ ಕಪ್ ಗೆದ್ದರು. ಆಟಗಾರರು ಲಾರಿಯ ಮೇಲೆ ನಿಂತು ಬೀದಿಯುದ್ದಕ್ಕೂ ಜನಕ್ಕೆ ಸಾಬೂನು ಎಸೆದರಂತೆ. ನೇನಾಳ ಮನೆಗೆ ಮೂರು ಪೆಟ್ಟಿಗೆ ಬಂದವು. ಆಮೇಲೆ ಬಂದದ್ದು ಹಳದಿ, ತಂಪು ಪಾನೀಯದ್ದು. ಅದು ಒಂದೇ ಬೇಸಿಗೆಗೆ ನಿಂತುಹೋಯಿತು, ಅಕ್ಷರಗಳು ಇನ್ನೂ ಹೊಸತಾಗಿದ್ದವು. ಆ ಬೇಸಿಗೆಯಲ್ಲೇ ಅವಳ ಗಂಡ ಸತ್ತ. ಶವದ ಪೆಟ್ಟಿಗೆಯನ್ನು ತಂಡದವರೇ ಹೊತ್ತರು. "ಎಲ್ಲರೂ ಎತ್ತರದವರಲ್ಲವಾ, ಪೆಟ್ಟಿಗೆ ಆಕಾಶದಲ್ಲಿ ಹೋಯಿತಂತೆ," ಎಂದು ಸಿಸ್ಟರಮ್ಮ ಮೆಲ್ಲಗೆ ಹೇಳಿದರು. ಅವತ್ತಿನಿಂದ ತಂಡದವರು ಬಟ್ಟೆ ಒಗೆಯುವ ಕೆಲಸವನ್ನೂ ಆಟದ ದಿನದ ಊಟವನ್ನೂ ನೇನಾಳಿಗೇ ಕೊಟ್ಟರು. ಈಗಿನ ಕೆಂಪು ಅಕ್ಷರ ಬಿಸ್ಕತ್ತಿನದು.

"ಮೊದಲಿದ್ದೋರಲ್ಲಿ ಈಗ ಯಾರವ್ರೆ?" ಎಂದು ಸಿಸ್ಟರಮ್ಮನಿಂದ ಕೇಳಿಸಿದೆ.

ನೇನಾ ಎರಡು ಬೆರಳೆತ್ತಿದಳು. ರಾಮೋನ್ ಒಬ್ಬ, ಅವಳೊಬ್ಬಳು.

ನಮ್ಮಪ್ಪನ ಕುರಿಹಿಂಡು ನೆನಪಾಯಿತು. ಮರಿ ಹುಟ್ಟುತ್ತಿದ್ದವು, ಮುದಿ ಕುರಿಗಳು ಶಿರಾ ಸಂತೆಗೆ ಹೋಗುತ್ತಿದ್ದವು. ಅಜ್ಜನ ಕಾಲದ ಒಂದು ಕುರಿಯೂ ಅದರಲ್ಲಿರಲಿಲ್ಲ. ಆದರೂ ಅದು ಅಜ್ಜನ ಹಿಂಡೇ. ಅದೇ ಬಂಡೆಯ ಹತ್ತಿರ ಎಡಕ್ಕೆ ತಿರುಗುತ್ತಿತ್ತು, ಅದೇ ಮರದ ಕೆಳಗೆ ಮಲಗುತ್ತಿತ್ತು.

ಹೊರಡುವಾಗ ಸಿಸ್ಟರಮ್ಮ ಇನ್ನೊಂದು ಮಾತು ಹೇಳಿದರು. ಕಂಪನಿಗೆ ತಂಡ ಭಾರವಾಗಿದೆ. ಈ ಸಲ ಕಡೆಯವರೆಗೆ ಉಳಿಯುವ ನಾಲ್ಕು ತಂಡಗಳಲ್ಲಿ ಒಂದಾದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೆ, ಇಲ್ಲವಾದರೆ ಬೇರೆ ಕಂಪನಿಗೆ ಮಾರುತ್ತಾರೆ. ಕೊಳ್ಳುವವರಿಗೆ ಅವರದೇ ಆಟಗಾರರು, ಅವರದೇ ಬಟ್ಟೆ ಒಗೆಯುವವರು ಇದ್ದಾರೆ. ತಂಡದವರು ಐದು ಆಟ ಬಿಡದೆ ಗೆದ್ದಿದ್ದಾರೆ, ಇನ್ನೊಂದು ಗೆದ್ದರೆ ಸಾಕು.

ಶುಕ್ರವಾರದ ಒಗೆತ

ಇನ್ನು ನಾನು ಮಾಡಿದ್ದನ್ನು ಬರೆಯಬೇಕು.

ಹತ್ತು ದಿನಕ್ಕಿಂತ ಹೆಚ್ಚು ಅವಳ ಮನೆಯ ಅನ್ನ ತಿಂದಿದ್ದೆ. ಪೊರಕೆ ಹಿಡಿದರೆ ಕಿತ್ತುಕೊಳ್ಳುತ್ತಿದ್ದಳು, ಪಾತ್ರೆ ಮುಟ್ಟಿದರೆ ಕೈಹಿಡಿದು ಕೂರಿಸುತ್ತಿದ್ದಳು. ಕೂತು ಉಣ್ಣುವುದು ನನಗೆ ಅಭ್ಯಾಸವಿಲ್ಲ. ಅಷ್ಟು ದಿನದಲ್ಲಿ ಆ ಬನಿಯನ್ನುಗಳನ್ನು ಅವಳು ಒಗೆದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆಟ ಮುಗಿಸಿ ಬಂದಾಗ ಹಗ್ಗಕ್ಕೆ ಹಾಕುವುದು, ಮತ್ತೆ ಹಾಗೇ ಕೊಟ್ಟು ಕಳಿಸುವುದು. ಬೆವರಿನ ಗಬ್ಬು ಹಿತ್ತಿಲು ತುಂಬಿತ್ತು. ಅವಳ ಅಂಗೈ ಸೀಳಿತ್ತು. ಪಾಪ, ಕೈಲಾಗುತ್ತಿಲ್ಲ, ಯಾರಿಗೂ ಹೇಳಲಾರಳು ಎಂದುಕೊಂಡೆ.

ನಮ್ಮಲ್ಲಿ ಉಣ್ಣೆ ಕತ್ತರಿಸುವ ಮುಂಚೆ ಇಡೀ ಹಿಂಡನ್ನು ಕೆರೆಗಿಳಿಸಿ ತೊಳೆಯುತ್ತೇವೆ. ದೇವರ ಕೆಲಸವಿರಲಿ, ಮದುವೆಯಿರಲಿ, ದೊಡ್ಡ ದಿನಕ್ಕೆ ಮಡಿ ಬಟ್ಟೆ. ಶುಕ್ರವಾರ ನೇನಾ ಇಗರ್ಜಿಗೆ ಹೋದಳು. ಮಾರನೆಯ ದಿನ ಆ ದೊಡ್ಡ ಆಟ. ಹನ್ನೆರಡನ್ನೂ ನೆನೆಹಾಕಿ, ಕಲ್ಲಿಗೆ ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿದೆ. ಹುಟ್ಟಿದ ಮನೆಯಿಂದ ಹೊರಗೆ ಬಂದ ಮೇಲೆ ಅಷ್ಟು ನೆಮ್ಮದಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ನೇನಾ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು. ಹಗ್ಗ ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಹತ್ತಿರ ಬಂದು ನನ್ನ ಒದ್ದೆ ಕೈಯನ್ನು ತನ್ನ ಲಂಗದಿಂದ ಒರೆಸಿದಳು. ಖುಷಿಯಾಯಿತೇನೋ ಎಂದುಕೊಂಡೆ.

ಶನಿವಾರ ಆಟಗಾರರು ಬಂದರು. ರಾಮೋನ್ ತನ್ನ ಬನಿಯನ್ನು ತೆಗೆದುಕೊಂಡು ತಲೆಗೆ ಹಾಕಹೋದವನು ನಿಂತ. ಮೂಗಿಗೆ ಹಿಡಿದ. ಉಳಿದವರೂ ಮೂಸಿದರು. ಒಬ್ಬ ಏನೋ ಕೂಗಿದ. ಅವರ ತಂಡದಲ್ಲಿ ಅಮೆರಿಕದಿಂದ ಕೆಲವು ತಿಂಗಳಿಗೆಂದು ಕರೆಸಿದ್ದ ಒಬ್ಬ ಕಪ್ಪು ಮನುಷ್ಯನಿದ್ದ, ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಮೌನಿ. ಅವನು ಗೋಡೆಗೆ ಹಣೆ ಆನಿಸಿಬಿಟ್ಟ. ತಪ್ಪಾಗಿದೆಯೆಂದು ಆಗ ನನಗೆ ತಿಳಿಯಿತು, ಏನು ತಪ್ಪೆಂದು ತಿಳಿಯಲಿಲ್ಲ. ರಾಮೋನ್ ಏನೋ ಕೇಳಿದ. ನೇನಾ ನನ್ನ ಕಡೆ ತಿರುಗಲೇ ಇಲ್ಲ. ಅಂಗೈಯನ್ನು ತನ್ನ ಎದೆಗಿಟ್ಟುಕೊಂಡು ಒಂದೇ ಮಾತು ಹೇಳಿದಳು. ಆ ಮಾತಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಅವತ್ತು ಅವರು ಅವಳ ಕೈಯನ್ನು ಹಣೆಗಿಟ್ಟುಕೊಳ್ಳಲಿಲ್ಲ. ನನ್ನ ಕೈಯನ್ನು ಮಾತ್ರ ತೆಗೆದುಕೊಂಡರು.

ಆಟದ ಹಾಲ್

ಮನಿಲಾದಲ್ಲಿ ನನ್ನ ಕಂಬಳಿ ಉಪಯೋಗಕ್ಕೆ ಬಂದದ್ದು ಆ ಒಂದೇ ಜಾಗದಲ್ಲಿ. ಹಾಲ್ ಒಳಗೆ ತಣ್ಣನೆ ಗಾಳಿ ಹಾಯಿಸುತ್ತಿದ್ದರು. ನೇನಾ ಮತ್ತು ನಾನು ಒಂದೇ ಕಂಬಳಿ ಹೊದ್ದು ಮೇಲಿನ ಸಾಲಿನಲ್ಲಿ ಕೂತೆವು. ಕೆಳಗೆ ಹೊಳೆಯುವ ಮರದ ನೆಲ. ಅದರ ಮೇಲೆ ನಮ್ಮವರ ಪುಟ್ಟ ಹೆಜ್ಜೆಗಳು, ಎಣ್ಣೆ ಗೋದಾಮಿನ ಹೆಜ್ಜೆಗಳು. ಗೋದಾಮನ್ನೇ ನೋಡದ ಎಳೆಯರೂ ಹಾಗೆಯೇ ಓಡುತ್ತಿದ್ದರು. ಅವರನ್ನು ನಾನು ಯಾವಾಗ ನಮ್ಮವರೆಂದುಕೊಂಡೆನೋ ಗೊತ್ತಿಲ್ಲ.

ಆಟದ ಲೆಕ್ಕ ನನಗೆ ತಿಳಿಯುತ್ತಿರಲಿಲ್ಲ. ನೇನಾಳ ಉಗುರು ನನ್ನ ತೋಳಿಗೆ ಎಷ್ಟು ಇಳಿಯಿತು ಎನ್ನುವುದೇ ನನ್ನ ಲೆಕ್ಕ. ಕೊನೆಯಲ್ಲಿ ನಮ್ಮವರು ಒಂದೇ ಅಂಕ ಹಿಂದಿದ್ದರಂತೆ. ಎದುರಿನವನು ತಳ್ಳಿದ್ದಕ್ಕೆ ರಾಮೋನನಿಗೆ ಎರಡು ಎಸೆತ ಕೊಟ್ಟರು. ಆಗ ಯಾರೂ ಅಡ್ಡ ಬರುವಂತಿಲ್ಲ. ಅವನೊಬ್ಬನೇ ನಿಂತು ಎಸೆಯಬೇಕು. ಸಾವಿರಾರು ಜನ ಉಸಿರು ಹಿಡಿದರು. ಮೊದಲನೆಯದು ಬಳೆಗೆ ಬಡಿದು ಆಚೆ ಹೋಯಿತು. ಎರಡನೆಯದು ಬಳೆಯ ಮೇಲೆ ಸುತ್ತಿತು, ಸುತ್ತಿತು, ಹೊರಗೆ ಬಿತ್ತು.

ನೇನಾ ನನ್ನ ತೋಳು ಬಿಟ್ಟಳು.

ಕಾಯುವ ಮನೆ

ಭಾನುವಾರ ಸಿಸ್ಟರಮ್ಮ ಬಂದು ಎಲ್ಲ ಬಿಡಿಸಿ ಹೇಳಿದರು. ಗೆಲ್ಲುತ್ತಿರುವಾಗ ಬಟ್ಟೆ ಒಗೆದರೆ ಅದೃಷ್ಟ ಹರಿದುಹೋಗುತ್ತದೆಂದು ಅವರ ನಂಬಿಕೆ. ತಂಡ ಮಾರಾಟವಾಯಿತು. ಆಟಗಾರರು ನಾಲ್ಕಾರು ತಂಡಗಳಿಗೆ ಹಂಚಿಹೋಗುತ್ತಾರೆ. ನೇನಾಳೇ ಕೆಡಿಸಿದಳೆಂದು ಎಲ್ಲರೂ ಆಡಿಕೊಳ್ಳುತ್ತಿದ್ದಾರೆ.

"ಒಗ್ದೋಳು ನಾನು ಸಿಸ್ಟರಮ್ಮ! ಅವಳ್ಯಾಕೆ ತನ್ ಮ್ಯಾಲೆ ಹಾಕ್ಕಂಡ್ಳು? ಕೇಳಿ."

ನೇನಾ ಕೆಂಪು ಅಕ್ಷರಗಳನ್ನು ಬಿಚ್ಚುತ್ತಿದ್ದಳು. ತಲೆಯೆತ್ತದೆ ಉತ್ತರ ಕೊಟ್ಟಳು. ಸಿಸ್ಟರಮ್ಮ ಅದನ್ನು ಕನ್ನಡದಲ್ಲಿ ಹೇಳಿದರು: "ನನ್ನ ಮೇಲೆ ಸಿಟ್ಟಾದರೆ ಒಂದು ದಿನ ಈ ಮನೆಗೆ ಬಂದು ಆ ಸಿಟ್ಟನ್ನು ಬಿಟ್ಟುಬಿಡುತ್ತಾರೆ. ಇವಳ ಮೇಲೆ ಸಿಟ್ಟಾದರೆ ಬಿಡಲಿಕ್ಕೆ ಎಲ್ಲಿಗೆ ಹೋಗಬೇಕು ಅವರು? ಅಂತ ಹೇಳ್ತಾಳೆ."

ಆದರೆ ಅವರು ಬರಲಿಲ್ಲ. ಸೋಮವಾರ ನೇನಾ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿದಳು. ಯಾರೂ ಬರಲಿಲ್ಲ, ನೆರೆಮನೆಗಳಿಗೆ ಹಂಚಿದಳು. ಮಂಗಳವಾರವೂ ಹಾಗೇ. ಬೀದಿಯಲ್ಲಿ ಬಸ್ಸಿನ ಸದ್ದಾದರೆ ಕಿಟಕಿಗೆ ಹೋಗುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಎರಡು ಹೆಣ್ಣು ಜೀವ, ನಡುವೆ ಒಂದು ತಪ್ಪು, ಅದರ ಬಗ್ಗೆ ಆಡಲು ಒಂದು ಮಾತಿಲ್ಲ. ನಿಮ್ಮ ತಾತ ಹೋದ ವರ್ಷವೂ ನನಗೆ ಇಷ್ಟು ಒಂಟಿಯೆನಿಸಿರಲಿಲ್ಲ. ಆಗ ಅಳುವುದಕ್ಕಾದರೂ ನನ್ನದೇ ಭಾಷೆಯಿತ್ತು.

ಹೊರಡುವ ದಿನ

ಗುರುವಾರ ಮಧ್ಯಾಹ್ನ ನನ್ನನ್ನು ಕರೆದೊಯ್ಯಲು ಸಿಸ್ಟರಮ್ಮ ಬಂದರು. ಅದೇ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ರಾಮೋನ್. ಬನಿಯನ್ನುಗಳನ್ನು ಕಂಪನಿಗೆ ಒಪ್ಪಿಸಬೇಕಂತೆ, ಚೀಲ ಹಿಡಿದು ಬಂದಿದ್ದ. ಹೊಸ್ತಿಲಾಚೆಯೇ ನಿಂತ. ನೇನಾ ಮಡಿಸಿಟ್ಟ ಕಟ್ಟನ್ನು ತಂದಳು. ಅವನು ಅವಳ ಮುಖ ನೋಡಲಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದ.

ಇನ್ನು ಅರ್ಧ ಗಂಟೆಯಲ್ಲಿ ನಾನಿರುವುದಿಲ್ಲ. ಆ ಚೀಲ ತುಂಬಿ ಅವನು ತಿರುಗಿದರೆ ನೇನಾ ಕಿಟಕಿಗೆ ಹೋಗುವ ಕಾರಣವೂ ಇರುವುದಿಲ್ಲ. ಎದ್ದು ನಿಂತೆ.

"ಏನಪ್ಪಾ, ಇಲ್ಲಿ ಕೇಳು. ಒಗ್ದೋಳು ನಾನು. ಅವಳಲ್ಲ. ಅವಳು ಇಗರ್ಜಿಗೋಗಿದ್ಲು. ನಾನೇ ಕಲ್ಲಿಗಾಕಿ ಉಜ್ಜಿಬುಟ್ಟೆ. ಬೈಯಂಗಿದ್ರೆ ನನ್ ಬೈಯಿ. ಇನ್ನೊಂದದೆ. ನಾನು ಗಂಡ ಸತ್ತೋಳು. ನೀವು ಹೊರಡ್ವಾಗ ಎದ್ರಿಗೆ ಬಂದೆ, ಕೈನೂ ಕೊಟ್ಟೆ. ಕೆಟ್ಟಿದ್ದು ಅದ್ರಿಂದ್ಲೂ ಇರಬೋದು."

ಅಷ್ಟು ಜೋರಾಗಿ ನಾನು ಗಂಡಸರ ಮುಂದೆ ಎಂದೂ ಮಾತಾಡಿರಲಿಲ್ಲ. ಸಿಸ್ಟರಮ್ಮ ಒಗೆದ ವಿಷಯ ಹೇಳಿ ನಿಲ್ಲಿಸಿದರು.

"ಇನ್ನೊಂದೂ ಹೇಳಿ ಸಿಸ್ಟರಮ್ಮ."

"ಅದನ್ನು ನಾನು ಹೇಳ್ಲಿಕ್ಕಿಲ್ಲ," ಎಂದರು ಅವರು. "ನಿಮಗೆ ಬೇಕಾದರೆ ಇಂಗ್ಲಿಷ್ ಕಲಿತು ನೀವೇ ಹೇಳಿ ಮಾರಾಯ್ರೆ."

ರಾಮೋನ್ ಚೀಲ ಕೆಳಗಿಟ್ಟ. ನೇನಾಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅಷ್ಟು ದೊಡ್ಡ ಆಳು ಕೂತಾಗ ಶಾಲೆಯ ಹುಡುಗನಂತೆ ಕಂಡ. ಸಿಸ್ಟರಮ್ಮ ನನ್ನ ಕಿವಿಯ ಹತ್ತಿರ ಹೇಳಿದರು: "ಎರಡು ಎಸೆತ ತಪ್ಪಿಸಿದ್ದು ನಾನು, ಬನಿಯನ್ನಲ್ಲ. ಬಸ್ಸಿನಲ್ಲಿ ಎಲ್ಲರೂ ಒಗೆದದ್ದರಿಂದ ಹೀಗಾಯಿತು ಅಂದರು. ನಾನು ಬಾಯಿ ಮುಚ್ಚಿಕೊಂಡು ಕೂತೆ. ನನಗೆ ಅದು ಅನುಕೂಲವಾಗಿತ್ತು, ಅಂತ."

ನೇನಾ ಅವನ ತಲೆಗೆ ಒಂದು ಮೊಟಕಿದಳು. ಬೈದಳು, ತುಂಬ ಹೊತ್ತು ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಬೀದಿಯ ಕೊನೆಗೆ ತಿರುಗಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ತಂಡದ ಬಸ್ಸು ಅಲ್ಲೇ ಮರೆಯಲ್ಲಿ ನಿಂತಿತ್ತು. ಬರುವುದೋ ಬೇಡವೋ ಎಂದು ಒಳಗೇ ಕೂತಿದ್ದವರು ಒಬ್ಬೊಬ್ಬರಾಗಿ ಇಳಿದು, ಬಾಗಿಲಲ್ಲಿ ಬಗ್ಗಿ ಒಳಗೆ ಬಂದರು. ಅಮೆರಿಕದವನು ಕೊನೆಗೆ ಬಂದ.

ಮನೆ ಚಿಕ್ಕದು. ಅವರು ಕೂತರೆ ಗೋಡೆಯಿಂದ ಗೋಡೆಗೆ ಬರೀ ಮೊಣಕಾಲು. ನಾನು ಕೂರುತ್ತಿದ್ದ ಜಾಗದಲ್ಲಿ ಯಾರೋ ಕೂತರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಒಬ್ಬ ನಗಿಸಿದ, ಒಬ್ಬ ಅತ್ತ. ತಂಡ ಮಾರಿಹೋಗಿತ್ತು. ಆ ಮನೆಯಲ್ಲಿ ಅವರು ಒಟ್ಟಿಗೆ ಉಂಡದ್ದು ಅವತ್ತೇ ಕೊನೆ. ನೇನಾ ಬೆಳಿಗ್ಗೆ ಮತ್ತೆ ದೊಡ್ಡ ಪಾತ್ರೆಯನ್ನೇ ಒಲೆಗೇರಿಸಿದ್ದಳು. ಅನ್ನ ಸಾಕಷ್ಟಿತ್ತು.

ಹೊರಗೆ ನಮ್ಮ ಗಾಡಿಯವನು ಹಾರ್ನ್ ಹೊಡೆದ. ಹೇಳಿ ಹೋಗೋಣವೆಂದು ಸಿಸ್ಟರಮ್ಮ ನನ್ನ ತೋಳು ಹಿಡಿದರು. ನೇನಾ ನಮಗೆ ಬೆನ್ನು ಮಾಡಿ ಹನ್ನೆರಡು ತಟ್ಟೆಗೆ ಬಡಿಸುತ್ತಿದ್ದಳು. ಒಂದು ತಟ್ಟೆಗೆ ಬಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಮುಂದೆ ಬರುತ್ತಿತ್ತು. ಅವಳ ಕೈ ನಿಲ್ಲಿಸುವುದು ಬೇಡವೆಂದು ತಲೆಯಾಡಿಸಿದೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದೆ, ಸದ್ದಾಗಬಾರದೆಂದು.